ಕೊಳೆಯುವ ಕೊಂಬೆ ಪಾರ್ಕಿನಲ್ಲೇ ಇರಲಿ

ಮುಂಗಾರು ಹಿಡಿದ ಮೇಲೆ ಬೆಂಗಳೂರಿನ ವಿಜಯನಗರ, ಬಸವೇಶ್ವರನಗರದ ಪಾರ್ಕುಗಳಲ್ಲಿ ನನ್ನ ಕಣ್ಣು ಹುಡುಕುವುದು ಬಿದ್ದ ಕೊಂಬೆಗಳನ್ನು. ಅವುಗಳ ಮೇಲೆ ಕೆಂಪು ಕಿತ್ತಳೆ ಬಣ್ಣದ, ಅರ್ಧಚಂದ್ರದಾಕಾರದ ತೆಳು ಬಿಲ್ಲೆ ಕಂಡರೆ ಅದು ಪಿಕ್ನೋಪೋರಸ್ ಎಂಬ ಶಿಲೀಂಧ್ರ. ತಿರುವಿ ನೋಡಿ, ಅಡಿಯಲ್ಲಿ ಸೂಜಿಮೊನೆಯಷ್ಟು ಸಣ್ಣ ರಂಧ್ರಗಳು. ಆ ಕೊಂಬೆಯನ್ನು ಮುರಿದರೆ ಒಳಗಿನ ಮರ ಬಿಳಿಚಿಕೊಂಡು ನಾರುನಾರಾಗಿರುತ್ತದೆ.

ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಅನ್ನು ಒಡೆಯಬಲ್ಲ ಜೀವಿಗಳು ಕಡಿಮೆ. ಈ ಜಾತಿಯ ಶಿಲೀಂಧ್ರಗಳು ಲ್ಯಾಕೇಸ್, ಪೆರಾಕ್ಸಿಡೇಸ್ ಎಂಬ ಕಿಣ್ವಗಳನ್ನು ಮೈಯಿಂದ ಹೊರಗೆ ಸುರಿಸಿ ಅದನ್ನು ಕರಗಿಸುತ್ತವೆ; ಕೊಂಬೆಯ ಒಳಗು ಬಿಳಿಚುವುದು ಅದಕ್ಕೇ. ಲಿಗ್ನಿನ್ನಿಗೆ ಒಂದೇ ಅಚ್ಚಿನ ರಚನೆ ಇಲ್ಲ. ಹಾಗಾಗಿ ಈ ಕಿಣ್ವಗಳೂ ಇಂಥದ್ದನ್ನೇ ಎಂದು ಆರಿಸುವುದಿಲ್ಲ, ಅದನ್ನು ಹೋಲುವ ವಿಷಗಳನ್ನೂ ಒಡೆಯುತ್ತವೆ. ಫ್ಯಾನಿರೊಕೀಟೆ ಕ್ರೈಸೊಸ್ಪೋರಿಯಂ ಎಂಬ ಶಿಲೀಂಧ್ರ ಡಿಡಿಟಿ, ಲಿಂಡೇನ್, ಬೆಂಜೊಪೈರೀನ್‌ಗಳನ್ನು ಒಡೆಯುತ್ತದೆಂದು ‘ಸೈನ್ಸ್’ ಪತ್ರಿಕೆಯಲ್ಲಿ ವರದಿಯಾದದ್ದು 1985ರಲ್ಲಿ. ಬೆಂಜೊಪೈರೀನ್ ವಾಹನಗಳ ಹೊಗೆಯಲ್ಲೂ ಇದೆ. ಕಾರ್ಡ್ ರೋಡಿನ ಅಂಚಿನ ಮಣ್ಣಿನ ಮೇಲೆ ಹಗಲಿರುಳು ಕೂರುವುದು ಅದೇ ಹೊಗೆಯ ಮಸಿ.

ಆದರೆ ಬರೀ ವಿಷ ತಿಂದು ಇವು ಬದುಕಲಾರವು. ಅವುಗಳ ಊಟ ಮರ. ವಿಷ ಒಡೆಯುವುದು ಊಟದ ಜೊತೆಗೆ ನಡೆಯುವ ಕೆಲಸ. ಕತ್ತರಿಸಿದ ಕೊಂಬೆಯನ್ನೆಲ್ಲ ಲಾರಿಗೆ ತುಂಬಿ ಕಳಿಸಿದರೆ, ತರಗೆಲೆಗೆ ಬೆಂಕಿ ಇಟ್ಟರೆ, ಆ ಊಟವನ್ನೇ ಕಸಿದಂತೆ.

ಬದಲಿಗೆ, ರಸ್ತೆ ಬದಿಯ ಬೇಲಿಯುದ್ದಕ್ಕೂ ಮರದ ಚೂರುಗಳನ್ನು ದಪ್ಪಗೆ ಹರಡಿ, ತೇವ ಆರದಂತೆ ನೋಡಿಕೊಳ್ಳಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯಿಂದ ಚಿಪ್ಪಣಬೆಯ ಬೀಜ ತಂದು ಬೆರೆಸಬಹುದು. ಅದೂ ಲಿಗ್ನಿನ್ ಒಡೆಯುವ ಕುಲದ್ದೇ. ಯೂರಿಯಾ ಮಾತ್ರ ಬೇಡ: ಸಾರಜನಕ ಹೆಚ್ಚಾದರೆ ಫ್ಯಾನಿರೊಕೀಟೆಯಂಥವು ಈ ಕಿಣ್ವ ತಯಾರಿಸುವುದನ್ನೇ ಕಡಿಮೆ ಮಾಡುತ್ತವೆ. ಬುಡದಲ್ಲಿ ಗ್ಯಾನೊಡರ್ಮಾ ಎದ್ದ ಗುಲ್‌ಮೊಹರಿನ ಮರವನ್ನೂ ಸೇರಿಸಬೇಡಿ, ಆ ಶಿಲೀಂಧ್ರ ಜೀವಂತ ಮರದ ಬೇರಿಗೂ ಹತ್ತುತ್ತದೆ.

ಇದಕ್ಕೊಂದು ಮಿತಿ ಇದೆ. ಸೀಸ, ಕ್ರೋಮಿಯಂ ಮೂಲಧಾತುಗಳು. ಅವನ್ನು ಯಾವ ಕಿಣ್ವವೂ ಒಡೆಯದು. ಸೀಸದ ಪೆಟ್ರೋಲ್ 2000ದಲ್ಲೇ ನಿಂತಿತು, ಮಣ್ಣಿಗಿಳಿದ ಸೀಸ ಮಾತ್ರ ಅಲ್ಲೇ ಉಳಿಯುತ್ತದೆ. ಅಣಬೆ ಲೋಹವನ್ನು ಒಡೆಯದಿದ್ದರೂ ಹೀರಿಕೊಳ್ಳುತ್ತದೆ. ಆದ್ದರಿಂದ ಪಾರ್ಕಿನಲ್ಲಾಗಲಿ, ಕೆಂಗೇರಿಯ ವೃಷಭಾವತಿ ನದಿಯ ದಡದಲ್ಲಾಗಲಿ ಎದ್ದ ಅಣಬೆಯನ್ನು ಯಾರೂ ತಿನ್ನಬಾರದು.

ಮಿತಿ ಇದ್ದರೂ ಇಷ್ಟು ಅಗ್ಗದಲ್ಲಿ ಮಣ್ಣಿಗೆ ಆಗುವ ಉಪಕಾರ ಇನ್ನೊಂದಿಲ್ಲ. ನಿಮ್ಮ ಬಡಾವಣೆಯ ಸಂಘದ ಮುಂದಿನ ಸಭೆಯಲ್ಲಿ ಒಂದೇ ಮಾತು ಕೇಳಿ: ಪಾರ್ಕಿನ ಒಂದು ಮೂಲೆಯಲ್ಲಾದರೂ ಮರ ಕೊಳೆಯಲು ಬಿಡೋಣವೇ?