ಅಭಿಪ್ರಾಯದ ಯಾಚನೆ

ಕೃತಿಯನ್ನು ಮುಂದಿರಿಸಿ, ದೋಷಗಳಿದ್ದರೆ ನಿರ್ದಾಕ್ಷಿಣ್ಯವಾಗಿ ತಿಳಿಸಬೇಕೆಂದು ಬೇಡುವ ಎಳೆಯ ಕವಿಯು ದೋಷವನ್ನೇ ಕೇಳಬಯಸುವನೆ? ಬಹುಮಟ್ಟಿಗೆ ಇಲ್ಲ. ಅವನ ಕಿವಿಯು ಕಾದಿರುವುದು ಪ್ರಶಂಸೆಗೆ. ಭಾರವಿಯ ವನೇಚರನಂತಹ ನಿಷ್ಠಾವಂತನೂ ಧರ್ಮರಾಯನಿಗೆ ನಿಜವನ್ನು ಅರುಹುವ ಮುನ್ನ ಕ್ಷಮೆಯನ್ನು ಬೇಡಬೇಕಾಯಿತು.

ಕನ್ನಡದಲ್ಲಿ ಇದಕ್ಕೆ ಉತ್ತಮ ನಿದರ್ಶನವು ಮೈಸೂರು ನಗರದಲ್ಲಿಯೇ ಇದೆ. 1922ರಲ್ಲಿ ‘ಬಿಗಿನರ್ಸ್ ಮ್ಯೂಸ್’ ಎಂಬ ಇಂಗ್ಲಿಷ್ ಕವನಪುಸ್ತಿಕೆಯನ್ನು ಹೊರತಂದಿದ್ದ ತರುಣ ಪುಟ್ಟಪ್ಪನವರು, 1924ರಲ್ಲಿ ಇಲ್ಲಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸರಿಗೆ ತಮ್ಮ ಇಂಗ್ಲಿಷ್ ಪದ್ಯಗಳನ್ನು ತೋರಿಸಿದರು. ಕಸಿನ್ಸರು ಹೊಗಳಲಿಲ್ಲ, ಸ್ವಭಾಷೆಯಲ್ಲಿ ಏನನ್ನು ಬರೆದಿರುವಿರೆಂದು ಕೇಳಿದರು. ತರುಣರಿಗೆ ಅಸಮಾಧಾನವಾಯಿತು. ಈ ಅಸಮಾಧಾನವನ್ನು ಮರೆಮಾಚದೆ ‘ನೆನಪಿನ ದೋಣಿಯಲ್ಲಿ’ (1980) ಬರೆದಿಟ್ಟಿರುವುದು ಆ ಆತ್ಮಕಥೆಯ ದೊಡ್ಡ ಗುಣ. ಆದರೆ ಮಾತು ನಾಟಿತು. ಲೇಖನಿಯು ಕನ್ನಡದ ಕಡೆಗೆ ತಿರುಗಿತು. 1949ರಲ್ಲಿ ‘ಶ್ರೀ ರಾಮಾಯಣ ದರ್ಶನಂ’ ಪ್ರಕಟವಾಯಿತು.

ಇಲ್ಲಿ ವಿಚಾರಿಸತಕ್ಕ ಅಂಶವೊಂದುಂಟು. ಕಸಿನ್ಸರು ಪದ್ಯಗಳ ತಪ್ಪುಗಳನ್ನು ಎಣಿಸಿ ಕಳುಹಿಸಿದ್ದರೆ ಅದೂ ಸತ್ಯವೇ ಆಗುತ್ತಿತ್ತು. ಆದರೆ ಅದರಿಂದ ಕವಿಗೆ ದಾರಿ ದೊರೆಯುತ್ತಿರಲಿಲ್ಲ. ಸುಳ್ಳು ಹೊಗಳಿಕೆಯು ಪ್ರತಿಭೆಯನ್ನು ತಪ್ಪುದಾರಿಯಲ್ಲಿಯೇ ನಡೆಸುತ್ತಿತ್ತು. ಅವರು ಇವೆರಡನ್ನೂ ಬಿಟ್ಟು, ಶಕ್ತಿಯು ಬೆಳೆಯಬಹುದಾದ ನೆಲವನ್ನು ತೋರಿಸಿದರು.

ಮಕ್ಕಳು ತಮ್ಮ ಮೊದಲ ಬರಹವನ್ನು ತಂದು ತೋರಿಸುವ ಮನೆಗಳಲ್ಲಿ ಹಿರಿಯರು ಇದನ್ನು ನೆನೆಯಬೇಕು. ಕೇಳಿದವರ ಮುಖವು ಕ್ಷಣಕಾಲ ಬಾಡಿದರೂ ಚಿಂತೆಯಿಲ್ಲ. ಹೇಳಿದ ಮಾತಿನಲ್ಲಿ ಮುಂದಿನ ದಾರಿಯಿರಬೇಕು.