ಎರವಲಿನ ಅಚ್ಚು, ಸ್ವಂತದ ಜೀವ

ಅನ್ಯರ ಕಥಾವಸ್ತುವನ್ನು ತಂದು ಕೃತಿ ರಚಿಸಿದವನನ್ನು ಚೋರನೆಂದು ಕರೆಯುವುದು ವಿಮರ್ಶಕರಲ್ಲಿ ಬಹುಕಾಲದ ರೂಢಿ. ಅಮೆರಿಕಾ ದೇಶದಲ್ಲಿ ಅಲ್ಪಧನದಿಂದ ಸ್ವತಂತ್ರವಾಗಿ ಚಲಚ್ಚಿತ್ರ ತೆಗೆಯುವವರ ಮೇಲೂ ಈ ಆಕ್ಷೇಪವುಂಟು: ಹಾಲಿವುಡ್ಡನ್ನು ಹಳಿಯುತ್ತಲೇ ಅದರ ಜೋಡಿಗೆಳೆಯರ ಕಥೆಯನ್ನು ಎರವಲು ತರುತ್ತಾರೆ ಎಂದು. ಈ ಆಕ್ಷೇಪವು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಇಲ್ಲಿ ವಿಚಾರಿಸೋಣ.

ಆ ಕಥೆಯ ಅಚ್ಚು ವಾಚಕರಿಗೆ ತಿಳಿಯದುದಲ್ಲ. ಎಣ್ಣೆ ಸೀಗೆಯಂತಿರುವ ಇಬ್ಬರು ವಿಧಿವಶದಿಂದ ಒಂದೇ ದಾರಿಗೆ ಬೀಳುವರು, ಜಗಳವಾಡುವರು, ಆಪತ್ತು ಒದಗುವುದು, ಒಬ್ಬನಿಂದ ಇನ್ನೊಬ್ಬನ ಪ್ರಾಣ ಉಳಿದು ಸ್ನೇಹ ಸಿದ್ಧಿಸುವುದು. 1982ರ 'ಫಾರ್ಟಿಯೆಯ್ಟ್ ಅವರ್ಸ್'ನಲ್ಲಿ ಪೊಲೀಸಿನವನೊಬ್ಬ, ಸೆರೆಯಾಳೊಬ್ಬ. 1987ರ 'ಲೀಥಲ್ ವೆಪನ್'ನಲ್ಲಿ ಸಂಸಾರಸ್ಥನೊಬ್ಬ, ಪತ್ನಿಯನ್ನು ಕಳೆದುಕೊಂಡು ಜೀವದ ಹಂಗು ತೊರೆದವನೊಬ್ಬ. ಹೆಸರು ಬೇರೆ, ಬೆಸುಗೆ ಒಂದೇ.

ಆನಂದವರ್ಧನನು ಧ್ವನ್ಯಾಲೋಕದ ನಾಲ್ಕನೆಯ ಉದ್ಯೋತದಲ್ಲಿ ಕಾವ್ಯಗಳ ಹೋಲಿಕೆಯನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾನೆ: ಪ್ರತಿಬಿಂಬದಂಥದು, ಚಿತ್ರಪಟದಂಥದು, ಮೈಕಟ್ಟಿನಲ್ಲಿ ಹೋಲುವ ಇಬ್ಬರು ಮನುಷ್ಯರಂಥದು. ಮೊದಲೆರಡು ತ್ಯಾಜ್ಯ, ಮೂರನೆಯದು ಗ್ರಾಹ್ಯ. ಅಲ್ಲಿ ದೇಹವು ಹೋಲಿದರೂ ಆತ್ಮವು ಬೇರೆ. ಪ್ರತಿಬಿಂಬವೃತ್ತಿಯು ಬಡ ಚಿತ್ರಕಾರನಿಗೆ ವಿಶೇಷವಾಗಿ ಮಾರಕ. ಹಣವಂತನು ನಾಲ್ಕು ಮೋಟಾರುಗಳನ್ನು ಸುಟ್ಟು ಕಥೆಯ ಟೊಳ್ಳನ್ನು ಮುಚ್ಚಿಯಾನು. ಬಡವನಿಗೆ ಆ ಹೊದಿಕೆಯಿಲ್ಲ.

ಮೂರನೆಯ ಬಗೆಗೆ ನಿದರ್ಶನವಾಗಿ ಕೆಲ್ಲಿ ರೈಕಾರ್ಟ್ ಎಂಬಾಕೆಯ 'ಓಲ್ಡ್ ಜಾಯ್' (2006) ಚಿತ್ರವನ್ನು ನೋಡಬಹುದು. ಮಾರ್ಕನು ಶೀಘ್ರದಲ್ಲಿಯೇ ತಂದೆಯಾಗಲಿರುವ ಗೃಹಸ್ಥ. ಕರ್ಟನು ನೆಲೆಯಿಲ್ಲದ ಅಲೆಮಾರಿ. ಹಳೆಯ ಗೆಳೆಯರಿಬ್ಬರೂ ನಾಯಿಯೊಂದಿಗೆ ಒರೆಗಾನಿನ ಕಾಡಿನ ಬಿಸಿನೀರ ಬುಗ್ಗೆಗೆ ಹೊರಡುತ್ತಾರೆ. ಅಚ್ಚು ಅದೇ. ಆದರೆ ಆಪತ್ತೆಂದರೆ ದಾರಿ ತಪ್ಪುವುದಷ್ಟೆ. ನಮ್ಮ ನಡುವೆ ಏನೋ ಅಡ್ಡ ನಿಂತಿದೆಯೆಂದು ಕರ್ಟನು ಬೆಂಕಿಯ ಮುಂದೆ ಕುಳಿತು ಹೇಳಿಕೊಂಡರೆ, ಮಾರ್ಕನು ಹಾಗೇನೂ ಇಲ್ಲವೆನ್ನುತ್ತಾನೆ. ಮರುದಿನ ಬುಗ್ಗೆಯಲ್ಲಿ ಮಿಂದು ಊರಿಗೆ ಮರಳಿ ಅಗಲುತ್ತಾರೆ. ಹಾಲಿವುಡ್ಡಿನಲ್ಲಿ ಅಪರಿಚಿತರು ಮಿತ್ರರಾಗುವರು. ಇಲ್ಲಿ ಮಿತ್ರರು ಅಪರಿಚಿತರಾಗುವರು. ನನ್ನೊಡನೆ ಒಂದೇ ಚಾಪೆಯ ಮೇಲೆ ಅಮರಕೋಶ ಉರುಹೊಡೆದ ಸಹಪಾಠಿಯೊಬ್ಬನನ್ನು ನಲವತ್ತು ವರ್ಷಗಳ ಮೇಲೆ ಕಂಡಾಗ, ಕ್ಷೇಮಸಮಾಚಾರ ಮುಗಿದೊಡನೆ ಇಬ್ಬರಿಗೂ ಮಾತು ತೋಚಲಿಲ್ಲ. ಆ ಮೌನವನ್ನು ಯಾವ ಕಾವ್ಯದಲ್ಲಿಯೂ ನಾನು ಕಂಡಿರಲಿಲ್ಲ. ಈ ಚಿತ್ರದಲ್ಲಿ ಕಂಡೆ.

ಷಾನ್ ಬೇಕರನ 'ಟ್ಯಾಂಜರೀನ್' (2015) ಇದಕ್ಕೆ ತೀರ ಭಿನ್ನವಾದುದು. ಐಫೋನ್ ಎಂಬ ಕೈಫೋನಿನಲ್ಲಿಯೇ ಅದನ್ನು ಚಿತ್ರಿಸಿದರು. ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವ ಇಬ್ಬರು ಗೆಳತಿಯರು, ದೇಹವಿಕ್ರಯದಿಂದ ಜೀವಿಸುವವರು, ಕ್ರಿಸ್ಮಸ್ಸಿನ ಹಿಂದಿನ ದಿನ ಲಾಸ್ ಏಂಜಲೀಸಿನ ಬೀದಿಗಳಲ್ಲಿ ಅಲೆಯುವ ಕಥೆಯದು. ಸಿನ್-ಡೀ ಬೆಂಕಿ, ಅಲೆಕ್ಸಾಂಡ್ರಾ ನೀರು. ಡೋನಟ್ ಅಂಗಡಿಯಲ್ಲಿ ಎಲ್ಲರೂ ಸೇರಿ ಕೂಗಾಡುವ ಪ್ರಸಂಗವು ಅತಿದೀರ್ಘವಾಗಿ ಪ್ರಹಸನಕ್ಕಿಳಿದಿದೆ; ಇದು ದೋಷವೇ ಸರಿ. ಆದರೆ ಅಂತ್ಯವನ್ನು ಗಮನಿಸಬೇಕು. ತನ್ನ ಪ್ರಿಯನೊಡನೆ ಗೆಳತಿಯೂ ಕೂಡಿದ್ದಳೆಂದು ತಿಳಿದು ಸಿನ್-ಡೀ ಮುನಿದು ನಡೆದಿದ್ದಾಳೆ. ಅಷ್ಟರಲ್ಲಿ ದಾರಿಹೋಕರು ಆಕೆಯ ಮೇಲೆ ಮೂತ್ರವೆರಚಿ ಓಡುತ್ತಾರೆ. ಬಟ್ಟೆಯೊಗೆಯುವ ಅಂಗಡಿಯಲ್ಲಿ ಅಲೆಕ್ಸಾಂಡ್ರಾ ತನ್ನ ಕೃತಕ ಕೇಶವನ್ನು ತೆಗೆದು ಅವಳಿಗೆ ಕೊಡುತ್ತಾಳೆ. ಅಚ್ಚಿನ ನಿಯಮದಂತೆ ಒಬ್ಬರು ಮತ್ತೊಬ್ಬರ ಪ್ರಾಣ ಉಳಿಸಬೇಕು. ಇಲ್ಲಿ ಉಳಿದದ್ದು ಮಾನ. ಪ್ರಾಣದ ಸ್ಥಾನದಲ್ಲಿ ಮಾನವನ್ನಿಟ್ಟ ಮಾತ್ರದಿಂದ ಸವಕಲು ಕಥೆಗೆ ಕರುಣರಸದ ಉಸಿರು ಬಂದಿತು.

ಆದುದರಿಂದ ಎರವಲು ತಂದದ್ದೇ ಅಪರಾಧವಲ್ಲ. ತಂದ ಪಾತ್ರೆಯನ್ನು ಬರಿದಾಗಿಯೇ ಹಿಂದಿರುಗಿಸುವುದು ಅಪರಾಧ. ಕೈಫೋನು ಹಿಡಿದು ಚಿತ್ರ ತೆಗೆಯಹೊರಟ ನಮ್ಮ ತರುಣರು ಇಷ್ಟನ್ನು ನೆನಪಿನಲ್ಲಿಟ್ಟರೆ ಸಾಕು.