ದಾರಿಹೋಕನ ನೋಟ, ದಾರಿಹೋಕನ ಹೊಣೆ

ಪ್ರವಾಸಕಥನವೊಂದನ್ನು ಕೈಗೆತ್ತಿಕೊಂಡಾಗ ಲೇಖಕನು ಏನೇನು ಕಂಡನು ಎಂಬ ಕುತೂಹಲ ನಮ್ಮಲ್ಲಿ ಮೊದಲು ಹುಟ್ಟುತ್ತದೆ. ಓದಿ ಮುಗಿಸಿದ ಮೇಲೆ ಉಳಿಯಬೇಕಾದ ಪ್ರಶ್ನೆ ಬೇರೆ: ಕಂಡದ್ದರ ಮುಂದೆ ಅವನು ಹೇಗೆ ನಿಂತನು? ಜಾತ್ರೆಯ ಜನಜಂಗುಳಿಯಲ್ಲಿ, ಸಂತೆಯ ಬೀದಿಯಲ್ಲಿ, ಅನ್ಯಧರ್ಮೀಯರ ದೇವಾಲಯದ ಅಂಗಳದಲ್ಲಿ ಪರಸ್ಥಳದವನೊಬ್ಬನು ನಿಂತಾಗ ಅವನ ಕಣ್ಣಿನ ಜೊತೆಗೆ ಅವನ ಅಂತಃಕರಣವೂ ಪರೀಕ್ಷೆಗೆ ಒಳಗಾಗುತ್ತದೆ. ಈ ಪರೀಕ್ಷೆಯನ್ನು ಮುಂದಿಟ್ಟುಕೊಂಡು, ಕನ್ನಡ ನಾಡಿನಲ್ಲಿ ಅಡ್ಡಾಡಿ ಹೋದ ಒಬ್ಬ ಹಳೆಯ ದಾರಿಹೋಕನ ಪತ್ರಗಳನ್ನು ಓದುವ ಪ್ರಯತ್ನವಿದು.

ಆತನ ಹೆಸರು ಪಿಯೆತ್ರೊ ಡೆಲ್ಲಾ ವಾಲೆ. 1586ರಲ್ಲಿ ರೋಮ್ ನಗರದ ಶ್ರೀಮಂತ ಮನೆತನವೊಂದರಲ್ಲಿ ಹುಟ್ಟಿದವನು. ಪ್ರೇಮದಲ್ಲಿ ನಿರಾಶನಾಗಿ, ಪವಿತ್ರ ನಾಡಿನ ಯಾತ್ರೆಯ ಹರಕೆ ಹೊತ್ತು 1614ರಲ್ಲಿ ವೆನಿಸ್‌ನಿಂದ ಹಡಗು ಹತ್ತಿದನು. ಜೆರುಸಲೇಮಿನ ದರ್ಶನದೊಡನೆ ಹರಕೆ ತೀರಿದರೂ ಕಾಲುಗಳ ದಾಹ ತೀರಲಿಲ್ಲ. ಬಾಗ್ದಾದಿನಲ್ಲಿ ಮಾನಿ ಎಂಬ ಕ್ರೈಸ್ತ ಯುವತಿಯನ್ನು ವರಿಸಿ ಪರ್ಶಿಯಾ ದೇಶದಲ್ಲಿ ಕೆಲವು ವರ್ಷ ಕಳೆದನು. 1621ರ ಡಿಸೆಂಬರಿನಲ್ಲಿ ಆಕೆ ತೀರಿಕೊಂಡಾಗ, ದೇಹವು ಕೆಡದಂತೆ ಲೇಪನ ಮಾಡಿಸಿ ಶವಪೆಟ್ಟಿಗೆಯಲ್ಲಿರಿಸಿ, ತನ್ನ ಸಾಮಾನುಗಳೊಡನೆ ಅದನ್ನೂ ಹೊತ್ತು ನಡೆದನು. 1623ರ ಫೆಬ್ರವರಿಯಲ್ಲಿ ಸೂರತ್ತಿಗೂ ಏಪ್ರಿಲಿನಲ್ಲಿ ಗೋವೆಗೂ ಬಂದು, ಅದೇ ವರ್ಷ ಇಕ್ಕೇರಿಯ ವೆಂಕಟಪ್ಪ ನಾಯಕನ ಬಳಿಗೆ ಹೊರಟ ಪೋರ್ಚುಗೀಸ್ ರಾಯಭಾರಿಯ ಜೊತೆ ಸೇರಿಕೊಂಡನು. ನೇಪಲ್ಸಿನಲ್ಲಿದ್ದ ತನ್ನ ವೈದ್ಯಮಿತ್ರ ಮಾರಿಯೊ ಸ್ಕಿಪಾನೊಗೆ ಆತ ದಾರಿಯುದ್ದಕ್ಕೂ ಪತ್ರಗಳನ್ನು ಬರೆದನು. ಅವುಗಳಲ್ಲಿ ಎಂಟು ಭಾರತದಿಂದ ಬರೆದವು. ಆತ ತೀರಿಹೋದದ್ದು 1652ರಲ್ಲಿ. ಭಾರತದ ಸಂಪುಟವು ರೋಮಿನಲ್ಲಿ ಅಚ್ಚಾದದ್ದು 1663ರಲ್ಲಿ. ಕೆಲವೇ ವರ್ಷಗಳಲ್ಲಿ ಅದು ಇಂಗ್ಲಿಷಿಗೆ ಬಂದಿತು. ಆ ಅನುವಾದವನ್ನು ಎಡ್ವರ್ಡ್ ಗ್ರೇ 1892ರಲ್ಲಿ ಟಿಪ್ಪಣಿಗಳೊಡನೆ ಮತ್ತೆ ಸಂಪಾದಿಸಿದರು.

ಇಲ್ಲಿ ಮೊದಲು ಗಮನಿಸಬೇಕಾದದ್ದು ಆತನ ಬಿಡುವು. ಆತ ವ್ಯಾಪಾರಿಯಲ್ಲ, ರಾಯಭಾರಿಯಲ್ಲ, ಧರ್ಮಪ್ರಚಾರಕನೂ ಅಲ್ಲ. ರಾಯಭಾರದ ಪರಿವಾರದಲ್ಲಿದ್ದರೂ ರಾಯಭಾರದ ಹೊಣೆ ಅವನ ತಲೆಯ ಮೇಲಿರಲಿಲ್ಲ. ಅವನಿಗೆ ಒಂದು ಶತಮಾನ ಮೊದಲು ವಿಜಯನಗರಕ್ಕೆ ಬಂದಿದ್ದ ದೊಮಿಂಗೊ ಪಾಯೆಸ್ ಮಹಾನವಮಿಯ ವೈಭವವನ್ನು ಕಣ್ತುಂಬ ಕಂಡು ಆನೆ, ಕುದುರೆ, ಆಭರಣಗಳ ದೊಡ್ಡ ಚಿತ್ರಪಟವನ್ನೇ ಬಿಡಿಸಿಟ್ಟನು. ಅದರ ಬೆಲೆ ಸಣ್ಣದಲ್ಲ. ಆದರೆ ಆ ಪಟದಲ್ಲಿ ನಮ್ಮನ್ನು ತಿರುಗಿ ನೋಡಿ ಮಾತಾಡುವ ಮುಖಗಳು ವಿರಳ. ಡೆಲ್ಲಾ ವಾಲೆ ಹೊನ್ನಾವರದಿಂದ ನದಿಯ ದಾರಿಯಲ್ಲಿ ಗೇರುಸೊಪ್ಪೆಗೆ ಬಂದು, ಘಟ್ಟವನ್ನು ಹತ್ತಿ, ಬಿದಿರ ಮೆಳೆಯ ಕೋಟೆಯನ್ನು ದಾಟಿ ಇಕ್ಕೇರಿಯನ್ನು ಸೇರುತ್ತಾನೆ. ಅಗಲವಾದ ಬೀದಿ, ದೊಡ್ಡ ಕೆರೆ, ಮರಗಳ ತೋಪು ಎಲ್ಲವೂ ಅವನ ಕಣ್ಣಿಗೆ ಬೀಳುತ್ತವೆ. ಮನೆಗಳು ವಿರಳವೂ ಸಾಧಾರಣವೂ ಆಗಿವೆ ಎಂದು ಹೇಳಲು ಅವನಿಗೆ ದಾಕ್ಷಿಣ್ಯವಿಲ್ಲ. ಅರಮನೆಯ ವಿಷಯವನ್ನು ಬೇಗ ಮುಗಿಸಿ ಬೀದಿಗೆ ಬರುತ್ತಾನೆ. ಅವನ ಬರಹಕ್ಕೆ ಜೀವ ಬರುವುದು ಅಲ್ಲಿಯೇ.

ಘಟ್ಟದ ಮೇಲಿನ ಪ್ರಸಂಗವೊಂದನ್ನೇ ನೋಡೋಣ. ಪ್ರಯಾಣದ ನಡುವೆ ದೇವಾಲಯವೊಂದರ ಮುಖಮಂಟಪದಲ್ಲಿ ನಾಲ್ವರು ಹುಡುಗರು ಲೆಕ್ಕ ಕಲಿಯುತ್ತಿದ್ದರು. ನೆಲದ ಮೇಲೆ ನಯವಾದ ಮರಳು ಹರಡಿ, ಪಾಠವನ್ನು ರಾಗವಾಗಿ ಹೇಳುತ್ತ, ಹೇಳಿದ್ದನ್ನು ಬೆರಳಿನಿಂದ ಬರೆಯುತ್ತಿದ್ದರು. ನೆಲ ತುಂಬಿದಾಗ ಅಳಿಸಿ ಮತ್ತೆ ಮರಳು ಚೆಲ್ಲುತ್ತಿದ್ದರು. ಹತ್ತಿರದಲ್ಲಿ ಗುರುವಿರಲಿಲ್ಲ. ಅವಸರದ ಪಯಣಿಗನಾಗಿದ್ದರೆ ಇದನ್ನೊಂದು ವಿಚಿತ್ರವೆಂದು ಬರೆದುಕೊಂಡು ಮುಂದೆ ಸಾಗುತ್ತಿದ್ದನು. ಡೆಲ್ಲಾ ವಾಲೆ ನಿಂತು ಕೇಳುತ್ತಾನೆ: ನೀವು ಮರೆತರೆ ತಿದ್ದುವವರು ಯಾರು? ನಾಲ್ವರೂ ಒಂದೇ ಕಡೆ ಮರೆಯುವುದು ಸಾಧ್ಯವಿಲ್ಲ, ಒಬ್ಬನು ತಪ್ಪಿದರೆ ಉಳಿದವರು ತಿದ್ದುತ್ತಾರೆ, ಒಟ್ಟಿಗೆ ಕಲಿಯುವುದು ಅದಕ್ಕಾಗಿಯೇ ಎಂದು ಹುಡುಗರು ಉತ್ತರಿಸುತ್ತಾರೆ. ಸುಲಭವೂ ಭದ್ರವೂ ಆದ ಕಲಿಕೆಯ ಕ್ರಮವೆಂದು ರೋಮಿನ ವಿದ್ವಾಂಸನು ಅದನ್ನು ಒಪ್ಪಿಕೊಳ್ಳುತ್ತಾನೆ. ನಾಲ್ಕು ಶತಮಾನಗಳ ಹಿಂದಿನ ನಮ್ಮ ಮಕ್ಕಳ ದನಿ ಇಂದಿಗೂ ಕಿವಿಗೆ ಬೀಳುತ್ತಿದ್ದರೆ, ಅದಕ್ಕೆ ಆ ಒಂದು ಪ್ರಶ್ನೆಯೇ ಕಾರಣ. ಕೇಳುವ ವಿನಯವಿಲ್ಲದ ಕಣ್ಣಿಗೆ ಇಷ್ಟು ದಕ್ಕುವುದಿಲ್ಲ.

ಹಬ್ಬಗಳ ವಿಚಾರದಲ್ಲಿಯೂ ಆತನ ಗುಣ ಇದೇ. ಇಕ್ಕೇರಿಯಲ್ಲಿ ಗೌರಿಯ ಹಬ್ಬದ ಸಂಜೆ ಹೂ ಮುಡಿದ ಹೆಣ್ಣುಮಕ್ಕಳು ಬಣ್ಣದ ಕೋಲುಗಳನ್ನು ವಾದ್ಯದ ಲಯಕ್ಕೆ ತಾಗಿಸುತ್ತ ಬೀದಿಯಲ್ಲಿ ಕುಣಿಯುವುದನ್ನು ಆತ ನೋಡುತ್ತಾನೆ. ನಾವು ಕೋಲಾಟವೆಂದು ಕರೆಯುವ ಆಟವನ್ನು, ಅದರ ಹೆಸರು ತಿಳಿಯದೆಯೇ, ಕೋಲಿನ ಉದ್ದ ಮತ್ತು ಉಡುಪಿನ ಅಂದದ ಸಮೇತ ವರ್ಣಿಸುತ್ತಾನೆ. ಅದೇ ವರ್ಷ ಗೋವೆಯಲ್ಲಿ ಸ್ನಾನಿಕ ಯೊವಾನ್ನರ ಹಬ್ಬದಂದು ವೈಸರಾಯ್ ಮತ್ತು ಗಣ್ಯರು ವೇಷ ತೊಟ್ಟು ಕುದುರೆಯೇರಿ ಹೊರಟದ್ದನ್ನೂ, ದೇಶೀಯ ಕ್ರೈಸ್ತರು ನಗಾರಿ, ಬಾವುಟ, ಬಿಚ್ಚುಗತ್ತಿಗಳೊಡನೆ ಕುಣಿದು ಸಾಗಿದ್ದನ್ನೂ ಕಂಡಿದ್ದನು. 1622ರಲ್ಲಿ ಸಂತಪದವಿಗೇರಿದ ಇಗ್ನೇಷಿಯಸ್ ಲೊಯೋಲ ಮತ್ತು ಫ್ರಾನ್ಸಿಸ್ ಕ್ಸೇವಿಯರ್ ಅವರ ಗೌರವಾರ್ಥ 1624ರಲ್ಲಿ ಅಲ್ಲಿ ನಡೆದ ಉತ್ಸವವನ್ನೂ ವಿವರವಾಗಿ ಬರೆದಿದ್ದಾನೆ. ಸ್ವಧರ್ಮದ ಹಬ್ಬವನ್ನೂ ಪರಧರ್ಮದ ಹಬ್ಬವನ್ನೂ ಒಂದೇ ಸಾವಧಾನದಿಂದ ನೋಡುವುದು ಆ ಕಾಲಕ್ಕೆ ಅಪರೂಪ. ಆದರೆ ತೀರ್ಪಿನಲ್ಲಿ ಆತ ತನ್ನ ಕಾಲದ ಮನುಷ್ಯನೇ. ನಮ್ಮ ಜನರ ಆರಾಧನೆಯನ್ನು ಮೂಢನಂಬಿಕೆಯೆಂದು ತಳ್ಳಿಹಾಕುತ್ತಾನೆ. ಕಂಡದ್ದನ್ನೆಲ್ಲ ಈಜಿಪ್ಟಿನ ಪ್ರಾಚೀನರಿಗೆ ಗಂಟುಹಾಕಲು ಹವಣಿಸುತ್ತಾನೆ. ಅವನ ಕಣ್ಣು ಅವನ ಸಿದ್ಧಾಂತಕ್ಕಿಂತ ಉದಾರವಾಗಿತ್ತು. ಈ ಪತ್ರಗಳನ್ನು ಓದುವವರು ಈ ಎರಡನ್ನೂ ಬೇರ್ಪಡಿಸಿ ನೋಡಬೇಕು.

ಕಣ್ಣು ಸಿದ್ಧಾಂತವನ್ನು ಸೋಲಿಸಿದ ಒಂದು ನಿದರ್ಶನ ಉಳ್ಳಾಲದ ರಾಣಿಯ ಭೇಟಿ. ಅಬ್ಬಕ್ಕನ ಹೆಸರಿನಿಂದ ಕರಾವಳಿಯು ಸ್ಮರಿಸುವ ಚೌಟ ವಂಶದ ರಾಣಿಯರ ಸಾಲಿಗೆ ಸೇರಿದವಳು ಆಕೆ. ಇಕ್ಕೇರಿಯಿಂದ ಕರಾವಳಿಗೆ ಇಳಿದು ಮಂಗಳೂರಿಗೆ ಬಂದಿದ್ದ ಡೆಲ್ಲಾ ವಾಲೆ, 1623ರ ಡಿಸೆಂಬರಿನಲ್ಲಿ ಆಕೆಯನ್ನು ಕಾಣಲು ಮನೇಲ್ ಎಂದು ತಾನು ಬರೆದುಕೊಂಡಿರುವ ಊರಿಗೆ ಹೋದನು. ನಾಲ್ಕಾರು ಅಂಗಡಿಗಳಿದ್ದ ಬೀದಿಯಲ್ಲಿಯೇ ರಾಣಿ ಎದುರಾದಳು. ಬರಿಗಾಲು, ಸೊಂಟಕ್ಕೆ ಸಾದಾ ಹತ್ತಿಯ ಬಟ್ಟೆ, ಹೆಗಲ ಮೇಲೆ ಇನ್ನೊಂದು ಬಟ್ಟೆ, ತಲೆಯ ಮೇಲೆ ಗರಿಯ ಕೊಡೆ. ನೀರಿನ ಕಾಲುವೆ ತೋಡುವ ಕೆಲಸವನ್ನು ನೋಡಲು ಆಕೆ ನಡೆದೇ ಹೊರಟಿದ್ದಳು. ಕಪ್ಪು ಮೈಬಣ್ಣವನ್ನೂ ಸರಳ ಉಡುಪನ್ನೂ ಕಂಡ ಐರೋಪ್ಯ ಮನಸ್ಸು ಅಡುಗೆಯವಳನ್ನೋ ಅಗಸಗಿತ್ತಿಯನ್ನೋ ನೆನೆಯಿತು. ಆ ಅಸಭ್ಯ ಹೋಲಿಕೆಯನ್ನು ಆತ ಬರೆದೇ ಬಿಟ್ಟಿದ್ದಾನೆ. ಆದರೆ ಆಕೆ ಮಾತಾಡತೊಡಗಿದಾಗ ಸ್ವರದಲ್ಲಿ, ವಿವೇಕದಲ್ಲಿ ರಾಣಿತನವಿದೆ ಎಂದು ಅದೇ ಉಸಿರಿನಲ್ಲಿ ಒಪ್ಪುತ್ತಾನೆ. ಮಂಗಳೂರಿನ ಕದ್ರಿಯಲ್ಲಿ ಜೋಗಿಗಳ ಅರಸನನ್ನು ನೋಡಹೋದಾಗಲೂ ಹೀಗೆಯೇ ಆಯಿತು. ಅಲ್ಲಿ ಕಂಡದ್ದು ಹಳ್ಳಿಯ ರೈತನಂತೆ ತನ್ನ ಕೆಲಸದಲ್ಲಿ ತೊಡಗಿದ್ದ ಒಬ್ಬ ಮನುಷ್ಯನನ್ನು. ನಿರೀಕ್ಷೆ ಮುರಿದುಬಿದ್ದ ಇಂಥ ಕಡೆಗಳನ್ನು ಆತ ಮುಚ್ಚಿಡದೆ ಬರೆದನು. ಓದುಗನಿಗೆ ಅವನಲ್ಲಿ ನಂಬಿಕೆ ಹುಟ್ಟುವುದು ಈ ಪ್ರಾಮಾಣಿಕತೆಯಿಂದ.

ಇಷ್ಟರವರೆಗೆ ಹೊಗಳಿಕೆ ಸಲ್ಲುತ್ತದೆ. ಆದರೆ ಇಕ್ಕೇರಿಯ ಪತ್ರದಲ್ಲಿ ಇನ್ನೊಂದು ಪ್ರಸಂಗವಿದೆ. ಈ ದಾರಿಹೋಕನನ್ನು ನಿಜವಾಗಿ ಒರೆಗೆ ಹಚ್ಚುವುದು ಅದೇ. ಒಂದು ಸಂಜೆ ಬೀದಿಯಲ್ಲಿ ಮೆರವಣಿಗೆಯೊಂದು ಎದುರಾಯಿತು. ಕುದುರೆಯ ಮೇಲೆ ಒಬ್ಬ ಹೆಂಗಸು. ಒಂದು ಕೈಯಲ್ಲಿ ಕನ್ನಡಿ, ಇನ್ನೊಂದರಲ್ಲಿ ನಿಂಬೆಹಣ್ಣು. ಜೊತೆಗೆ ವಾದ್ಯದವರು, ಜನ. ಗಂಡ ಸತ್ತಿದ್ದನು, ಆಕೆ ಚಿತೆಯೇರಲು ನಿಶ್ಚಯಿಸಿದ್ದಳು. ಕೆಲವು ದಿನಗಳ ಮೇಲೆ ಡೆಲ್ಲಾ ವಾಲೆ ಅವಳ ಮನೆಗೇ ಹೋದನು. ಅಂಗಳದಲ್ಲಿ ಹೂ ಮುಡಿದು ಜನರ ನಡುವೆ ಕುಳಿತಿದ್ದಳು. ಸುಮಾರು 30 ವರ್ಷದ ತೆಲುಗು ಹೆಂಗಸು. ಗಂಡ ನಗಾರಿ ಬಾರಿಸುವವನಾಗಿದ್ದನು. ಜಿಯಾಕ್ಕಮ ಎಂದು ಆತ ಬರೆದ ಹೆಸರು ನಮ್ಮ ಕಿವಿಗೆ ಜಕ್ಕಮ್ಮ ಎಂದು ಕೇಳುತ್ತದೆ. ಎಳೆಯ ಮಕ್ಕಳನ್ನು ಬಿಟ್ಟುಹೋಗುವುದೇಕೆ, ಯಾರಾದರೂ ಬಲವಂತ ಮಾಡುತ್ತಿದ್ದಾರೆಯೇ ಎಂದು ಕೇಳಿದನು. ತನ್ನಿಚ್ಛೆಯಿಂದಲೇ ಎಂದಳು. ಮನಸ್ಸು ತಿರುಗಿಸಲು ಯತ್ನಿಸಿದನು; ಆಕೆ ಕದಲಲಿಲ್ಲ. ಕೊನೆಗೆ, ತನ್ನ ಲೇಖನಿಗೆ ಶಕ್ತಿಯಿದ್ದರೆ ಆಕೆಯ ಹೆಸರನ್ನು ಲೋಕದಲ್ಲಿ ಅಮರವಾಗಿಸುವೆನೆಂದು ಮಾತುಕೊಟ್ಟು ಬೀಳ್ಕೊಂಡನು.

ಓದುಗನು ಇಲ್ಲಿ ಪುಸ್ತಕವನ್ನು ಕೆಳಗಿಟ್ಟು ಯೋಚಿಸಬೇಕಾಗುತ್ತದೆ. ಹೆಂಡತಿಯ ಶವವನ್ನು ಅಗಲಲಾರದೆ ದೇಶದಿಂದ ದೇಶಕ್ಕೆ ಹೊತ್ತು ತಿರುಗುತ್ತಿದ್ದ ವಿಧುರ ಒಂದು ಕಡೆ; ಗಂಡನ ಶವದೊಡನೆ ಬೂದಿಯಾಗಲು ಸಿದ್ಧಳಾದ ವಿಧವೆ ಇನ್ನೊಂದು ಕಡೆ. ಗಂಡಿನ ದುಃಖಕ್ಕೆ ಊರೂರು ತಿರುಗುವ ಸ್ವಾತಂತ್ರ್ಯವಿತ್ತು, ಪತ್ರ ಬರೆಯುವ ಬಿಡುವಿತ್ತು. ಆತ 1626ರಲ್ಲಿ ರೋಮನ್ನು ಮುಟ್ಟಿ, ಅರಾಚೇಲಿ ದೇವಾಲಯದಲ್ಲಿ ಮಾನಿಯನ್ನು ಸಮಾಧಿ ಮಾಡಿ, ಮುಂದೆ ಮರುಮದುವೆಯನ್ನೂ ಆದನು. ಹೆಣ್ಣಿನ ದುಃಖಕ್ಕೆ ಊರು ತೆರೆದಿಟ್ಟ ಗೌರವದ ದಾರಿ ಬೆಂಕಿಯೊಂದೇ. ಅಂಥ ಊರಿನಲ್ಲಿ ‘ನನ್ನಿಚ್ಛೆ’ ಎಂಬ ಮಾತಿಗೆ ಎಷ್ಟು ತೂಕವಿದೆ? ಗಣ್ಯ ಮನೆತನಗಳಲ್ಲಿ ಬಲವಂತವೂ ನಡೆಯುವುದುಂಟೆಂದು ಆತನೇ ಬರೆದಿದ್ದಾನೆ. ಮರಳಿನಲ್ಲಿ ಬರೆಯುವ ಹುಡುಗರ ಉತ್ತರವನ್ನು ಇನ್ನೊಂದು ಪ್ರಶ್ನೆಯಿಂದ ಪರೀಕ್ಷಿಸುವ ಅಗತ್ಯವಿರಲಿಲ್ಲ. ಜಕ್ಕಮ್ಮನ ಉತ್ತರವನ್ನು ಹಾಗೆಯೇ ಒಪ್ಪಿಕೊಳ್ಳುವಂತಿರಲಿಲ್ಲ.

ಪರದೇಶದ ಒಬ್ಬಂಟಿ ಪಯಣಿಗನು ಒಂದು ರಾಜ್ಯದ ರೂಢಿಯನ್ನು ತಡೆಯಬಹುದಿತ್ತೆಂದು ನಾನು ವಾದಿಸುವುದಿಲ್ಲ. ಆಕೆಯ ಮನೆಯವರೆಗೆ ಹೋಗಿ, ಕುಳಿತು, ಬೇಡವೆಂದು ಹೇಳಿದ್ದೇ ಬಹುಮಂದಿ ಪ್ರವಾಸಿಗಳು ಮಾಡದ ಕೆಲಸ. ನನ್ನ ಆಕ್ಷೇಪವಿರುವುದು ಆ ಕೊನೆಯ ಮಾತಿನ ಬಗ್ಗೆ. ತಡೆಯಲಾರದೆ ಹೋದ ಸಾವಿಗೆ ಕೀರ್ತಿಯ ಆಸೆ ತೋರಿಸುವುದು ಆ ಸಾವಿಗೆ ಇನ್ನೊಂದು ಹೂವಿನ ಹಾರ ಹಾಕಿದಂತೆ. ಕುದುರೆ, ಕನ್ನಡಿ, ವಾದ್ಯಗಳು ಮಾಡುತ್ತಿದ್ದ ಕೆಲಸವನ್ನೇ ರೋಮಿನ ಲೇಖನಿಯೂ ಕೈಗೆತ್ತಿಕೊಂಡಿತು. ಬ್ರಿಟಿಷ್ ಆಡಳಿತದ ಪ್ರದೇಶದಲ್ಲಿ ಸತಿ ಪದ್ಧತಿ 1829ರಲ್ಲಿ ನಿಷೇಧಗೊಂಡಿತು. ಆದರೂ 1987ರಲ್ಲಿ ರಾಜಸ್ಥಾನದ ದೇವರಾಲಾ ಗ್ರಾಮದಲ್ಲಿ ತರುಣ ವಿಧವೆಯೊಬ್ಬಳು ಜನಸಮೂಹದ ಕಣ್ಣೆದುರೇ ಗಂಡನ ಚಿತೆಯಲ್ಲಿ ಸುಟ್ಟುಹೋದಳು. ಅದೇ ವರ್ಷ ಬಂದ ಸತಿ ತಡೆ ಕಾಯಿದೆಯು ಆ ಕೃತ್ಯದ ಜೊತೆಗೆ ಅದರ ವೈಭವೀಕರಣವನ್ನೂ ಅಪರಾಧವೆಂದು ಸಾರಿತು. ಬೆಂಕಿ ಹಚ್ಚುವವನಿಗೆ ಇರುವಂತೆಯೇ ಹೊಗಳುವವನಿಗೂ ಒಂದು ಹೊಣೆಯಿದೆ ಎಂಬ ಅರಿವು ಕಾನೂನಿನ ರೂಪದಲ್ಲಿ ಬರಲು ನಮಗೆ ಅಷ್ಟು ಕಾಲ ಬೇಕಾಯಿತು.

ಭಲಾ ಸಮಾರಿಯದವನ ಸಾಮತಿಯಲ್ಲಿ ಬರುವವರೆಲ್ಲರೂ ದಾರಿಹೋಕರೇ. ಯಾಜಕನೂ ಲೇವಿಯನೂ ಗಾಯಾಳುವನ್ನು ನೋಡದೆ ಹೋದವರಲ್ಲ, ನೋಡಿಯೂ ಹೋದವರು. ಸಮಾರಿಯದವನಿಗೂ ಪ್ರಯಾಣದ ಅವಸರವಿತ್ತು. ಆದರೂ ಅವನು ವಾಹನದಿಂದ ಇಳಿದನು. ಯಾತ್ರಿಕನೆಂಬ ಬಿರುದನ್ನು ಹೆಮ್ಮೆಯಿಂದ ಧರಿಸಿದ್ದ ಡೆಲ್ಲಾ ವಾಲೆ ಈ ಇಬ್ಬರ ನಡುವೆ ಎಲ್ಲಿಯೋ ನಿಲ್ಲುತ್ತಾನೆ. ಆತ ಕುದುರೆಯಿಂದ ಇಳಿದನು, ಮಾತಾಡಿಸಿದನು, ಮರುಗಿದನು. ಆಮೇಲೆ ಮತ್ತೆ ಪ್ರೇಕ್ಷಕನಾದನು.

ಈ ಪತ್ರಗಳು ಇಂದಿಗೂ ಓದತಕ್ಕವು ಎಂದು ನಾನು ಹೇಳುವುದು ಈ ಎರಡೂ ಕಾರಣಗಳಿಂದ. ರಥೋತ್ಸವ, ಉರುಸು, ಸಾಂತ್‌ಮಾರಿ ಹಬ್ಬ, ವಾರದ ಸಂತೆ ಎಂದು ಊರೂರು ಸುತ್ತಿ ಕಂಡದ್ದನ್ನೆಲ್ಲ ಕ್ಷಣಮಾತ್ರದಲ್ಲಿ ಮೊಬೈಲಿನಲ್ಲಿ ಹಿಡಿದಿಡುವ ಕಾಲ ನಮ್ಮದು. ಮಂಟಪದ ಹುಡುಗರ ಚಿತ್ರ ತೆಗೆಯುವವರು ಬಹಳ. ಪಕ್ಕದಲ್ಲಿ ಕುಳಿತು ಏನು ಕಲಿಯುತ್ತಿದ್ದೀರಿ ಮಕ್ಕಳೇ ಎಂದು ಕೇಳುವವರು ಕಡಿಮೆ. ತೇರಿನ ಬಣ್ಣ ನಮಗೆ ಕಾಣುತ್ತದೆ. ತೇರಿನ ಬೀದಿಯಲ್ಲಿ ಬಲೂನು ಮಾರುವ, ಶಾಲೆಗೆ ಹೋಗದ ಹುಡುಗಿ ಚಿತ್ರದ ಅಂಚಿನಲ್ಲಿ ಉಳಿದುಬಿಡುತ್ತಾಳೆ. ಪರರ ಹಬ್ಬಕ್ಕೆ ಹೋದಾಗ ನಿಲ್ಲುವುದನ್ನು, ಕೇಳುವುದನ್ನು, ತಪ್ಪು ತಿಳಿದದ್ದನ್ನು ತಿದ್ದಿಕೊಳ್ಳುವುದನ್ನು ಡೆಲ್ಲಾ ವಾಲೆಯಿಂದ ಕಲಿಯೋಣ. ಅಲ್ಲಿ ಒಂದು ಜೀವವು ಮೌನವಾಗಿ ನಲುಗುತ್ತಿರುವುದು ಕಂಡಾಗ ಏನು ಮಾಡಬೇಕೆಂಬುದನ್ನು ಮಾತ್ರ ಆತನನ್ನು ಕೇಳದೆ, ಜೆರಿಕೋ ದಾರಿಯಲ್ಲಿ ವಾಹನದಿಂದ ಇಳಿದವನನ್ನು ಕೇಳೋಣ.